ಬದಲಿ ಮೈದಾನ

ವಿಮಾನದಿಂದ ಇಳಿದವನೇ ಕೇಳಿದ:
ಮೈದಾನ ಎಲ್ಲಿದೆ?
ನೀವು ಇಳಿದದ್ದೇ ಅದರ ಮೇಲೆ, ಅಂದೆ.
ನಗಲಿಲ್ಲ. ಸುವಾದಿಂದ ಬಂದ ಪರಿವೀಕ್ಷಕ, ವಿಲಿಕೇಸ,
ಬಗಲಲ್ಲಿ ಫೈಲು, ಕೈಯಲ್ಲಿ ಗಾಲಿಯ ಅಳತೆಕೋಲು,
ಬಿಳಿ ಬೂಟು.

ಫುನಾಫುಟಿಯ ಅಗಲ ನಿಮಗೆ ಗೊತ್ತಿರಲಿಕ್ಕಿಲ್ಲ.
ಈ ಕಡಲಿಗೆ ಬೆನ್ನು ಕೊಟ್ಟು ಕೂತರೆ
ಆ ಕಡಲಲ್ಲಿ ಕಾಲು ತೊಳೆಯಬಹುದು
ಅನ್ನುತ್ತಿದ್ದ ನನ್ನ ಗಂಡ. ಅವನದು ಯಾವಾಗಲೂ ಒಂದು ಮೊಳ ಜಾಸ್ತಿ.
ಚಪ್ಪಟೆಯಾಗಿ, ಉದ್ದಕ್ಕೆ, ಮನೆ ಏಳದೆ ಉಳಿದ ನೆಲ
ಈ ರನ್‌ವೇ ಒಂದೇ.
ವಾರದಲ್ಲಿ ಕೆಲವು ಗಳಿಗೆ ಅದು ವಿಮಾನದ್ದು.
ಮಿಕ್ಕಂತೆ ನಮ್ಮದು, ನಾಯಿಗಳದ್ದು,
ಸೆಖೆಗೆ ಚಾಪೆ ಹೊತ್ತು ತಂದು ಮಲಗುವ ಮುದುಕರದ್ದು.

ಹದಿನಾಲ್ಕು ಪುಟದ ನಮೂನೆ ಬಿಚ್ಚಿದ.
ವಾಹನ ನಿಲುಗಡೆ?
ಮೂವತ್ತು ಬೈಕು, ಗೋಡೆಗೆ ಒರಗಿಸಿದರೆ.
ತಂಡಗಳ ವಸತಿ?
ನುಯಿಯವರು ಚರ್ಚಿನ ಹಜಾರದಲ್ಲಿ,
ನನುಮೇಯದವರು ಸೆಮೆಸೆಯ ಮನೆಯಲ್ಲಿ, ಅವನ ಹೆಂಡತಿ ಆ ದ್ವೀಪದವಳು,
ವೈತುಪುವಿನವರಿಗೆ ಶಾಲೆ. ಅವರನ್ನು ಮಾತ್ರ
ನುಯಿಯವರ ಪಕ್ಕ ಇಡುವಂತಿಲ್ಲ.
ಕಾರಣ?
ಹೋದ ಸಲದ ಫೈನಲ್. ಅದನ್ನು ಬರೆಯಬೇಡಿ.

ಇಪ್ಪತ್ತೊಂದು ವರ್ಷದಿಂದ ಪಂದ್ಯ ನಡೆಸುವವಳು ನಾನು.
ಮೊದಲು ಅಕ್ಕಿಯ ಲೆಕ್ಕ, ಆಮೇಲೆ ಹಡಗಿನದು,
ಕೊನೆಗೆ ಆಟಗಾರರದು.
ಅಕ್ಕಿ ಹೇಳಿದ ಮಾತು ಕೇಳುತ್ತದೆ. ಹಡಗು ಕೇಳುವುದಿಲ್ಲ.
ಒಮ್ಮೆ ಉದ್ಘಾಟನೆಗೆ ಬರಬೇಕಾದ ತಂಡವೊಂದು
ಬಹುಮಾನ ಹಂಚಿ ಮುಗಿದ ಸಂಜೆ ಬಂದಿಳಿಯಿತು,
ಅಲೆಯ ಏಟಿಗೆ ಹಸಿರಾದ ಮುಖಗಳು.
ವಾಪಸು ಕಳಿಸುವುದು ಹೇಗೆ? ಬೈಕುಗಳ ದೀಪ ಹಚ್ಚಿ
ಅವರಿಗೂ ಒಂದು ಪಂದ್ಯ ಆಡಿಸಿದೆವು. ಗೆದ್ದರು.
ಯಾವುದನ್ನು ಗೆದ್ದೆವು ಎಂದು ಕೇಳಲಿಲ್ಲ.

ಮರುದಿನ ಸಂಜೆ ಅವನು ಅಳೆಯುತ್ತಿದ್ದ,
ಗಾಲಿ ಕಿಚಕಿಚ ಅನ್ನುತ್ತ ಡಾಂಬರು ದಾಟಿ ಹುಲ್ಲಿಗಿಳಿಯಿತು.
ಈ ಪಕ್ಕ ಹೆಂಗಸರು ಆನೋ ಆಡುತ್ತಿದ್ದರು,
ಕೇದಗೆ ಗರಿಯ ಚೆಂಡು ಕೈಯಿಂದ ಕೈಗೆ.
ಆ ಪಕ್ಕ ಹುಡುಗರ ಫುಟ್‌ಬಾಲ್, ಗೋಲಿಗೆ ಎಣ್ಣೆಡಬ್ಬಿ.
ಆಗ ಸೈರನ್.
ರೋಗಿಯನ್ನು ಒಯ್ಯಲು ಬಂದ ಪುಟ್ಟ ವಿಮಾನ.
ಡಬ್ಬಿ ಎತ್ತಿದರು, ಚಾಪೆ ಸುತ್ತಿದರು, ನಾಯಿ ಓಡಿಸಿದರು,
ಸ್ಟ್ರೆಚರಿನ ನಾಲ್ಕು ಮೂಲೆಗೆ
ನಮ್ಮ ಡಿಫೆನ್ಸಿನ ನಾಲ್ವರೇ ಹೆಗಲು ಕೊಟ್ಟರು.
ಸ್ಟ್ರೆಚರಿನಲ್ಲಿದ್ದವಳು ಫಲೆಮಾ. ಬಾಗಿ ಕೇಳಿದಳು,
ಎಷ್ಟಾಯಿತು?
ಒಂದು ಒಂದು, ಅಂದರು.

ವಿಮಾನ ಚುಕ್ಕಿಯಾಗುವ ಮೊದಲೇ ಎಲ್ಲರೂ ವಾಪಸು ನಿಂತರು,
ಒಬ್ಬೊಬ್ಬನೂ ತಾನಿದ್ದ ಜಾಗಕ್ಕಿಂತ
ನಾಲ್ಕು ಹೆಜ್ಜೆ ಮುಂದೆ.
ಜಗಳ. ವಿಲಿಕೇಸ ತನ್ನ ಗಾಲಿ ಹಿಡಿದು ನಡುವೆ ಬಂದ.
ಆಗಲೇ ಮೊದಲ ಸಲ ಆ ಕೋಲು
ಊರಿಗೆ ಬೇಕಾದದ್ದು.

ಅಲ್ಲೇ ನಿಂತಿದ್ದಾಗ ಅವನ ಬೂಟು ಒದ್ದೆಯಾಯಿತು.
ಮೋಡವಿಲ್ಲ. ಕೊಳಾಯಿ ಒಡೆದಿಲ್ಲ.
ಹುಲ್ಲಿನ ಬುಡದಿಂದ ನೀರು ಗುಳುಗುಳು ಎದ್ದು ಬರುತ್ತಿತ್ತು,
ಹುಣ್ಣಿಮೆಯ ಭರತ, ಹವಳದ ತೂತುಗಳಿಂದ ಮೇಲಕ್ಕೆ.
ಕಾಲೆತ್ತಿ ನೋಡಿದ, ಕಾಲಿಟ್ಟು ನೋಡಿದ.
ಊರಿಗೆ ಬಂದವರು ನೀರಿಗೆ ಬರದೆ ಇರುತ್ತಾರೆಯೇ,
ಅಂದಳು ಯಾರೋ ಮುದುಕಿ ಹಿಂದಿನಿಂದ.
ಈ ಸಲ ನಕ್ಕ. ನಕ್ಕವನು ಆಮೇಲೆ
ಬಹಳ ಹೊತ್ತು ಮಾತಾಡಲಿಲ್ಲ.

ರಾತ್ರಿ ಮೀನು ತಿಂದು ಕೈ ತೊಳೆದು ಕೊನೆಯ ಪುಟ ತೆರೆದ.
ಬೂಟು ಹೊಸ್ತಿಲಲ್ಲಿ ಬಾಯಿ ತೆರೆದು ಒಣಗುತ್ತಿತ್ತು.
ಮೈದಾನ ಆಡಲು ಆಗದ ಸ್ಥಿತಿಗೆ ಬಂದರೆ
ಬದಲಿ ಮೈದಾನ ಯಾವುದು?
ಓದಿದ. ನನ್ನ ಮುಖ ನೋಡಲಿಲ್ಲ. ಖಾಲಿ ಬಿಡೋಣವೆ, ಅಂದ.

ಬೇಡ, ಕೊಡಿ ಇಲ್ಲಿ.
ಗೋಡೆಯ ಮೇಲಿನ ಇಳಿತ ಭರತದ ಪಟ್ಟಿಯನ್ನು
ಬೆರಳಿಟ್ಟು ನೋಡಿ,
ಅವನ ಪೆನ್ನಿನಲ್ಲೇ ಬರೆದೆ:
ಇದೇ. ನೀರು ಇಳಿದ ಮೇಲೆ.